ಹಳೆಯ ಸರ್ವರಿಗೆ ಯಾವ ಕಾರ್ಡ್ ಕೊಳ್ಳಬೇಕು, ಹೇಗೆ ಹೊಂದಿಸಬೇಕು

ತಿಪಟೂರಿನಲ್ಲಿ ನನ್ನ ಗೆಳೆಯನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಕಾಲದಲ್ಲಿ ಒಂದೊಂದು ಮನೆಯ ಕೆಲಸಕ್ಕೂ 200, 300 ಜಿಬಿ ವಿಡಿಯೊ, ಫೋಟೊ ಸೇರುತ್ತದೆ. ಬೀರುವಿನ ತುಂಬ ಯುಎಸ್‌ಬಿ ಡಿಸ್ಕುಗಳು. ಯಾರ ಮದುವೆ ಯಾವುದರಲ್ಲಿದೆ ಎಂದು ಹುಡುಕುವುದಕ್ಕೇ ಅರ್ಧ ದಿನ ಬೇಕಿತ್ತು. ಹೋದ ವರ್ಷ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಯಾವುದೋ ಕಂಪನಿ ಬಳಸಿ ಬಿಟ್ಟ ಟವರ್ ಸರ್ವರ್ ಒಂದನ್ನು ತಂದೆವು. ಎಂಟು ಡಿಸ್ಕ್ ಹಿಡಿಯುವ ಗಟ್ಟಿ ಪೆಟ್ಟಿಗೆ, ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ. ಸರ್ವರ್ ಆರಿಸಲು ಒಂದು ಮಧ್ಯಾಹ್ನ ಸಾಕಾಯಿತು. ಅದರೊಳಗಿನ ಕಾರ್ಡುಗಳನ್ನು, ಅಂದರೆ ಡಿಸ್ಕನ್ನೂ ನೆಟ್‌ವರ್ಕನ್ನೂ ಸರ್ವರಿಗೆ ಜೋಡಿಸುವ ಬೋರ್ಡುಗಳನ್ನು, ಆರಿಸಿ, ಕೂರಿಸಿ, ಹೊಂದಿಸಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರ್ಡ್ ಕೊಳ್ಳುವಾಗ, ಡಿಸ್ಕನ್ನು ನಿಮ್ಮ ಕಣ್ಣಿಂದ ಮರೆಮಾಡದ ಕಾರ್ಡನ್ನೇ ಕೊಳ್ಳಿ. ವೇಗ, ಕ್ಯಾಶ್ (ಕಾರ್ಡಿನ ಮೇಲಿನ ತಾತ್ಕಾಲಿಕ ಮೆಮೊರಿ), ಬ್ರ್ಯಾಂಡ್ ಎಲ್ಲ ಅದರ ನಂತರ.

ಕಾರ್ಡಿಗಿಂತ ಮೊದಲು ಸ್ಲಾಟ್

ಕಾರ್ಡ್ ಕೂರುವ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ ಎಂಬ ಬಗೆಯದು, ಅದರಲ್ಲಿ ತಲೆಮಾರುಗಳಿವೆ. ಮೊದಲನೆಯದರಲ್ಲಿ ಒಂದು ಲೇನಿಗೆ (ಡೇಟಾ ಹೋಗುವ ಒಂದು ದಾರಿಗೆ) ಸೆಕೆಂಡಿಗೆ 250 ಎಂಬಿ ಹೋಗುತ್ತದೆ. ಎರಡನೆಯದರಲ್ಲಿ 500 ಎಂಬಿ. ಮೂರನೆಯದರಲ್ಲಿ ಸುಮಾರು 985 ಎಂಬಿ. ಹೊಸ ಕಾರ್ಡನ್ನು ಹಳೆಯ ಸ್ಲಾಟಿಗೆ ಹಾಕಿದರೂ, ಹಳೆಯದನ್ನು ಹೊಸದಕ್ಕೆ ಹಾಕಿದರೂ ನಡೆಯುತ್ತದೆ. ಎರಡರಲ್ಲಿ ನಿಧಾನದ್ದು ಯಾವುದೋ ಆ ವೇಗವೇ ಗತಿ.

ಸ್ಲಾಟಿನ ಉದ್ದ ನೋಡಿ ಮೋಸಹೋಗಬೇಡಿ. ಎಂಟು ಲೇನಿನ ಉದ್ದವಿದ್ದು ಒಳಗೆ ನಾಲ್ಕೇ ಲೇನಿಗೆ ತಂತಿ ಎಳೆದಿರುವ ಸ್ಲಾಟುಗಳು ಸರ್ವರ್ ಬೋರ್ಡಿನಲ್ಲಿ ಬಹಳ. ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಮ್ಯಾನ್ಯುಯಲ್‌ನಲ್ಲಂತೂ ಇದ್ದೇ ಇರುತ್ತದೆ. ನಾಲ್ಕು ಲೇನ್ ಎಂದರೆ ಕೆಲಸಕ್ಕೆ ಬಾರದ್ದು ಎಂದಲ್ಲ. ಎರಡನೇ ತಲೆಮಾರಿನ ನಾಲ್ಕು ಲೇನಿನಲ್ಲಿ 2000 ಎಂಬಿ ಹೋಗುತ್ತದೆ. ಮಾಮೂಲಿ ತಿರುಗುವ ಡಿಸ್ಕ್ ಸೆಕೆಂಡಿಗೆ ಸುಮಾರು 200 ಎಂಬಿ ಕೊಡುತ್ತದೆ, ಎಂಟಕ್ಕೆ 1600. ಸಾಕಲ್ವಾ? ಮೊದಲನೇ ತಲೆಮಾರಿನ ನಾಲ್ಕು ಲೇನಾದರೆ 1000 ಎಂಬಿ ಮಾತ್ರ. ಆಗ ಎಂಟೂ ಡಿಸ್ಕ್ ಒಟ್ಟಿಗೆ ಓದುವ ಹೊತ್ತಿನಲ್ಲಿ ಕಟ್ಟಿಕೊಳ್ಳುತ್ತದೆ.

ನಾವು ಮೊದಲು ಎಡವಿದ್ದು ಇಲ್ಲೇ. 2012ರಲ್ಲಿ ಬಂದ ಇಂಟೆಲ್‌ನ ಝಿಯಾನ್ ಇ5 ಪ್ರೊಸೆಸರ್‌ಗಳಿಂದ ಈಚೆಗೆ ಲೇನುಗಳು ನೇರವಾಗಿ ಪ್ರೊಸೆಸರಿನಿಂದಲೇ ಹೊರಡುತ್ತವೆ. ಅದಕ್ಕೂ ಹಿಂದಿನ 5500, 5600 ಸಾಲಿನ ಝಿಯಾನ್ ಇದ್ದ ಸರ್ವರುಗಳಲ್ಲಿ ಮಧ್ಯೆ ಒಂದು ಚಿಪ್‌ಸೆಟ್ ಕೂತಿತ್ತು. ನಮ್ಮದು ಇ5 ಸರ್ವರ್. ಎರಡು ಪ್ರೊಸೆಸರಿನ ಜಾಗವಿದೆ, ಒಂದೇ ಇತ್ತು. ಕಾರ್ಡ್ ಹಾಕಿದ ಸ್ಲಾಟ್ ಎರಡನೇ ಪ್ರೊಸೆಸರಿಗೆ ಸೇರಿದ್ದು. ಕಾರ್ಡ್ ಕಾಣಲೇ ಇಲ್ಲ. ಕಾರ್ಡ್ ಕೆಟ್ಟಿದೆ ಅಂದುಕೊಂಡು ನಾಲ್ಕು ದಿನ ಒದ್ದಾಡಿದೆವು. ಬೇರೆ ಸ್ಲಾಟಿಗೆ ಹಾಕಿದ ಕೂಡಲೇ ಕಾಣಿಸಿತು. ಆದ್ದರಿಂದ ಅಂಗಡಿಯಲ್ಲೇ ಕೇಳಿ, ಪ್ರೊಸೆಸರ್ ಒಂದಿದೆಯೋ ಎರಡೋ ಅಂತ.

ಪಿಸಿಐ ಎಕ್ಸ್ ಎಂಬ ಉದ್ದನೆಯ ಸ್ಲಾಟ್ ಇರುವ ಇನ್ನೂ ಹಳೆಯ ಸರ್ವರುಗಳೂ ಸಿಗುತ್ತವೆ. ಹೆಸರು ಹತ್ತಿರವಾದರೂ ಅದು ಬೇರೆಯೇ ಜಾತಿ. 64 ಬಿಟ್, 133 ಮೆಗಾಹರ್ಟ್ಜ್, ಒಂದು ದಾರಿಯನ್ನು ಹಲವು ಕಾರ್ಡುಗಳು ಹಂಚಿಕೊಳ್ಳುತ್ತವೆ. ಒಂದು ನಿಧಾನದ ಕಾರ್ಡ್ ಹಾಕಿದರೆ ಆ ದಾರಿಯಲ್ಲಿರುವ ಎಲ್ಲವೂ ನಿಧಾನ. ಮನೆಯಲ್ಲಿ ಈಗಾಗಲೇ ಇದ್ದರೆ ಬಳಸಿ. ದುಡ್ಡು ಕೊಟ್ಟು ತರಬೇಡಿ.

ಡಿಸ್ಕ್ ಕಾರ್ಡ್: ರೇಡ್ ಕಾರ್ಡೋ, ಎಚ್‌ಬಿಎಯೋ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಹಣ, ಸಮಯ, ಡೇಟಾ ಮೂರೂ ಹೋಗುವ ಜಾಗ ಇದೇ.

ರೇಡ್ ಕಾರ್ಡ್ ಡಿಸ್ಕುಗಳನ್ನು ತಾನೇ ಜೋಡಿಸಿ ಒಂದು ದೊಡ್ಡ ಡಿಸ್ಕಿನಂತೆ ಆಪರೇಟಿಂಗ್ ಸಿಸ್ಟಂಗೆ ತೋರಿಸುತ್ತದೆ. ಎಚ್‌ಬಿಎ ಹಾಗಲ್ಲ. ಇರುವ ಡಿಸ್ಕುಗಳನ್ನು ಇದ್ದ ಹಾಗೇ ಒಪ್ಪಿಸಿ ಸುಮ್ಮನಿರುತ್ತದೆ. ಜೋಡಿಸುವ ಕೆಲಸ ಲಿನಕ್ಸ್‌ನ ಎಂಡಿ ರೇಡ್ ಅಥವಾ ಝೆಡ್‌ಎಫ್‌ಎಸ್ ಎಂಬ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ.

ಮೊದಲು ಬಿಡಬೇಕಾದವು. ಎಲ್‌ಎಸ್‌ಐ ಕಂಪನಿಯ 1068ಇ, 1078 ಚಿಪ್ ಇರುವ 3 ಗಿಗಾಬಿಟ್ ಕಾರ್ಡುಗಳು. ಡೆಲ್‌ನ ಪರ್ಕ್ 6/ಐ, ಎಸ್‌ಎಎಸ್ 6/ಐಆರ್ ಈ ಗುಂಪಿನವು. ಇವು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಕಾಣುವುದಿಲ್ಲ. ಡಿಸ್ಕಿನ ಬ್ಲಾಕುಗಳ ವಿಳಾಸಕ್ಕೆ ಇವು 32 ಬಿಟ್ ಬಳಸುತ್ತವೆ. ಒಂದು ಬ್ಲಾಕಿಗೆ 512 ಬೈಟ್ ಹಿಡಿದರೆ ಲೆಕ್ಕ 2 ಟಿಬಿ ಹತ್ತಿರ ಮುಗಿದುಹೋಗುತ್ತದೆ. ಕಾರ್ಡಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಅಂಗಡಿಯವರು ಎಷ್ಟೇ ಕಡಿಮೆಗೆ ಕೊಟ್ಟರೂ, 4 ಟಿಬಿ ಡಿಸ್ಕ್ ಕೊಳ್ಳುವ ಯೋಚನೆ ಇದ್ದವರಿಗೆ ಇದು ದಂಡ.

ಎರಡನೆಯದು 6 ಗಿಗಾಬಿಟ್ ಕಾಲದ ಅಸಲಿ ರೇಡ್ ಕಾರ್ಡುಗಳು. ಡೆಲ್ ಪರ್ಕ್ ಎಚ್700, ಎಚ್‌ಪಿ ಸ್ಮಾರ್ಟ್ ಅರೇ ಪಿ410. ಇವುಗಳ ಮೇಲೆ ಕ್ಯಾಶ್ ಮೆಮೊರಿ ಇರುತ್ತದೆ, ಅದನ್ನು ಕಾಯಲು ಬ್ಯಾಟರಿ. ಬರೆಯುವುದನ್ನು ಮೊದಲು ಕ್ಯಾಶಿಗೆ ತುಂಬಿಕೊಂಡು ಆಮೇಲೆ ಡಿಸ್ಕಿಗೆ ಇಳಿಸುವುದರಿಂದ ಸಣ್ಣ ಸಣ್ಣ ಬರಹಗಳು ತುಂಬಾ ಚುರುಕು. ವಿಂಡೋಸ್ ಸರ್ವರ್ ಹಾಕಿ ಅಕೌಂಟ್ಸ್ ಡೇಟಾಬೇಸ್ ನಡೆಸುವ ಆಫೀಸಿಗೆ ಇವು ಒಳ್ಳೆಯ ಕಾರ್ಡುಗಳೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಬ್ಯಾಟರಿಗೆ ವಯಸ್ಸಾಗುತ್ತದೆ. ಹತ್ತು ವರ್ಷದ ಕಾರ್ಡಿನ ಬ್ಯಾಟರಿ ಸತ್ತೇ ಇರುತ್ತದೆ ಎಂದುಕೊಂಡೇ ಕೊಳ್ಳಬೇಕು. ಅದು ಸತ್ತರೆ ಕಾರ್ಡ್ ಕ್ಯಾಶ್ ಬಿಟ್ಟು ನೇರವಾಗಿ ಡಿಸ್ಕಿಗೆ ಬರೆಯತೊಡಗುತ್ತದೆ, ವೇಗ ಕುಸಿಯುತ್ತದೆ. ಬ್ಯಾಟರಿ ಇಲ್ಲದಿದ್ದರೂ ಕ್ಯಾಶ್ ಬಳಸು ಎಂದು ಒತ್ತಾಯ ಮಾಡುವ ಸೆಟ್ಟಿಂಗ್ ಕೂಡ ಇದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ, ಯುಪಿಎಸ್ ಕೈಕೊಟ್ಟ ಒಂದು ಗಳಿಗೆ ಸಾಕು, ಕ್ಯಾಶಿನಲ್ಲಿದ್ದ ಬರಹ ಹೋದಂತೆಯೇ. ಇದಾದ ಮೇಲೆ ಬಂದ ಕೆಲವು ಕಾರ್ಡುಗಳಲ್ಲಿ ಬ್ಯಾಟರಿಯ ಬದಲು ಕೆಪಾಸಿಟರ್ ಮತ್ತು ಫ್ಲ್ಯಾಶ್ ಇದೆ, ಅವು ಇದಕ್ಕಿಂತ ಬಾಳಿಕೆ ಬರುತ್ತವೆ.

ಎಚ್700, ಪಿ410 ಎರಡರಲ್ಲೂ ಡಿಸ್ಕನ್ನು ನೇರವಾಗಿ ಒಪ್ಪಿಸುವ ಮೋಡ್ ಇಲ್ಲ. ಒಂದೊಂದು ಡಿಸ್ಕನ್ನೂ ಒಂಟಿ ರೇಡ್ 0 (ಒಂದೇ ಡಿಸ್ಕಿನ ರೇಡ್ ಗುಂಪು) ಮಾಡಿ ಅದರ ಮೇಲೆ ಝೆಡ್‌ಎಫ್‌ಎಸ್ ಹಾಕುವವರಿದ್ದಾರೆ. ನಾನೂ ಒಂದು ವಾರ ಹಾಗೆ ಓಡಿಸಿ ನೋಡಿದೆ. ನಡೆಯುತ್ತದೆ. ಆದರೆ ಡಿಸ್ಕ್ ಬದಲಿಸಿದಾಗಲೆಲ್ಲ ಕಾರ್ಡಿನ ಮೆನುವಿಗೆ ಹೋಗಿ ಹೊಸ ಅರೇ, ಅಂದರೆ ರೇಡ್ ಗುಂಪು, ಮಾಡಬೇಕು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ನೇರವಾಗಿ ಸಿಗುವುದಿಲ್ಲ, ಅದನ್ನು ಓದುವ ಸ್ಮಾರ್ಟ್‌ಸಿಟಿಎಲ್ ಆದೇಶಕ್ಕೆ ಮೆಗಾರೇಡ್ ಅಥವಾ ಸಿಸಿಐಎಸ್‌ಎಸ್ ಎಂದು ಬೇರೆ ದಾರಿ ತೋರಿಸಬೇಕು. ಎಲ್ಲಕ್ಕಿಂತ ದೊಡ್ಡದು, ಕಾರ್ಡ್ ಸತ್ತರೆ ಅದೇ ವಂಶದ ಇನ್ನೊಂದು ಕಾರ್ಡ್ ಹುಡುಕಬೇಕು. ಎಚ್700ರ ಡಿಸ್ಕುಗಳನ್ನು ಎಚ್710 ಓದಿಕೊಳ್ಳುತ್ತದೆ, ಫಾರಿನ್ ಕಾನ್ಫಿಗ್ ಎಂದು ತೋರಿಸಿ ಇಂಪೋರ್ಟ್ ಮಾಡಲೇ ಎಂದು ಕೇಳುತ್ತದೆ. ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಚುಚ್ಚಿದರೆ ಮಾತ್ರ ಅವು ಸುಮ್ನೆ ಅರ್ಥವಾಗದ ಡಿಸ್ಕುಗಳು. ಎಚ್‌ಬಿಎ ಆದರೆ ಈ ತಾಪತ್ರಯವಿಲ್ಲ. ನಾಳೆ ಸರ್ವರ್ ಸುಟ್ಟುಹೋದರೂ ಡಿಸ್ಕುಗಳನ್ನು ಯಾವ ಲಿನಕ್ಸ್ ಪೆಟ್ಟಿಗೆಗೆ ಹಾಕಿದರೂ ಏಳುತ್ತವೆ.

ಮೂರನೆಯ ಗುಂಪೇ ನನ್ನ ಆಯ್ಕೆ. ಎಲ್‌ಎಸ್‌ಐ ಎಸ್‌ಎಎಸ್2008 ಚಿಪ್. ಇದೇ ಚಿಪ್ ಬೇರೆ ಬೇರೆ ಹೆಸರಲ್ಲಿ ಬಂದಿದೆ: ಎಲ್‌ಎಸ್‌ಐ 9211-8ಐ, ಡೆಲ್ ಪರ್ಕ್ ಎಚ್200 ಮತ್ತು ಎಚ್310, ಐಬಿಎಂ ಎಂ1015. ಎಂಟು ಪೋರ್ಟ್, 6 ಗಿಗಾಬಿಟ್, ಎರಡನೇ ತಲೆಮಾರಿನ ಎಂಟು ಲೇನ್. 2 ಟಿಬಿ ಗಡಿ ಇಲ್ಲ. ಎಚ್310 ಕಾರ್ಡ್ ತನ್ನ ಮೂಲ ಫರ್ಮ್‌ವೇರ್‌ನಲ್ಲೂ ಡಿಸ್ಕನ್ನು ನೇರವಾಗಿ ಕೊಡಬಲ್ಲದು, ಆದರೆ ಅದರ ಕ್ಯೂ ಡೆಪ್ತ್ ಬರೀ 25. ಅಂದರೆ ಒಂದೇ ಹೊತ್ತಿಗೆ 25 ಕೆಲಸ ಮಾತ್ರ ಸಾಲಿನಲ್ಲಿ ನಿಲ್ಲಬಹುದು. ಕಾರ್ಡನ್ನು ಬರೀ ಎಚ್‌ಬಿಎ ಮಾಡುವ ಐಟಿ ಮೋಡ್ ಫರ್ಮ್‌ವೇರ್ ಹಾಕಿದರೆ ಅದು 600ಕ್ಕೆ ಏರುತ್ತದೆ. ಹಾಗಾಗಿ ಫರ್ಮ್‌ವೇರ್ ಬದಲಿಸುವ ಶ್ರಮಕ್ಕೆ ಬೆಲೆ ಇದೆ.

ಬಜೆಟ್ ಸ್ವಲ್ಪ ಜಾಸ್ತಿ ಇದ್ದರೆ ಎಸ್‌ಎಎಸ್2308 ಚಿಪ್‌ನ 9207-8ಐ ನೋಡಿ. ಮೂರನೇ ತಲೆಮಾರಿನ ಲೇನ್, ಮೊದಲಿನಿಂದಲೂ ಎಚ್‌ಬಿಎ ಆಗಿಯೇ ಹುಟ್ಟಿದ್ದು, ಫರ್ಮ್‌ವೇರ್ ಸರ್ಕಸ್ ಬೇಡ. 12 ಗಿಗಾಬಿಟ್‌ನ 9300-8ಐ ಇನ್ನೂ ಮುಂದಿನದು. ಬರೀ ತಿರುಗುವ ಡಿಸ್ಕ್ ಹಾಕುವವರಿಗೆ ಅದರಿಂದ ಹೆಚ್ಚಿನ ವೇಗ ಸಿಗುವುದಿಲ್ಲ. ಮೋಡ್ ಬದಲಿಸಿ ಎಚ್‌ಬಿಎ ಮಾಡಬಹುದಾದ ರೇಡ್ ಕಾರ್ಡುಗಳೂ ಇವೆ, ಡೆಲ್ ಎಚ್730, ಎಚ್‌ಪಿ ಪಿ420. ಸರ್ವರಿನೊಳಗೆ ಅದೇ ಇದ್ದರೆ ಅದನ್ನೇ ಬಳಸಿ, ಬೇರೆ ಕೊಳ್ಳುವ ಅಗತ್ಯವಿಲ್ಲ. ಮೋಡ್ ಬದಲಿಸುವಾಗ ಇದ್ದ ಅರೇ ಅಳಿಸಿಹೋಗುತ್ತದೆ. ಪಿ420 ಆದರೆ ಎಚ್‌ಬಿಎ ಮೋಡಿನಲ್ಲಿ ಅದರ ಡಿಸ್ಕಿನಿಂದ ಬೂಟ್ ಆಗುವುದಿಲ್ಲ. ಬೂಟ್‌ಗೆ ಬೇರೆ ಎಸ್‌ಎಸ್‌ಡಿ ಇಟ್ಟುಕೊಳ್ಳಿ.

ಫರ್ಮ್‌ವೇರ್ ಬದಲಿಸುವ ಕೆಲಸ

ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡಿತು. 2016ರಲ್ಲಿ ಅವಾಗೊ ಬ್ರಾಡ್‌ಕಾಮ್‌ ಆಯಿತು. ಆದ್ದರಿಂದ 9211ರ ಫರ್ಮ್‌ವೇರ್ ಹುಡುಕುವಾಗ ಬ್ರಾಡ್‌ಕಾಮ್ ಹೆಸರಲ್ಲಿ ಹುಡುಕಿ. ಬೇಕಾದದ್ದು ಐಟಿ ಮೋಡ್, ಆವೃತ್ತಿ 20.00.07.00. ಇಪ್ಪತ್ತರ ಸಾಲಿನ ಮೊದಮೊದಲ ಆವೃತ್ತಿಗಳಲ್ಲಿ ತೊಂದರೆಗಳಿದ್ದವು, ಕೊನೆಯ ಅಂಕಿಗಳನ್ನು ಸರಿಯಾಗಿ ನೋಡಿಕೊಳ್ಳಿ. ಐಆರ್ ಮೋಡ್ ಎಂಬುದೂ ಸಿಗುತ್ತದೆ, ಅದರಲ್ಲಿ ಸರಳ ರೇಡ್ ಇದೆ. ನಮಗದು ಬೇಡ.

ಮೊಟ್ಟಮೊದಲು ಕಾರ್ಡಿನ ಸ್ಟಿಕ್ಕರ್ ಮೇಲಿರುವ 16 ಅಂಕಿ, ಅಕ್ಷರಗಳ ಎಸ್‌ಎಎಸ್ ವಿಳಾಸವನ್ನು (ಕಾರ್ಡಿನ ಗುರುತು) ಬರೆದಿಟ್ಟುಕೊಳ್ಳಿ. ಫೋಟೊನೂ ತೆಗೆದುಕೊಳ್ಳಿ. ಫರ್ಮ್‌ವೇರ್ ಇರುವ ಫ್ಲ್ಯಾಶ್ ಮೆಮೊರಿ ಪೂರ್ತಿ ಅಳಿಸಿದಾಗ ಅದೂ ಹೋಗುತ್ತದೆ, ವಾಪಸ್ ನೀವೇ ಬರೆಯಬೇಕು. ನಾನು ಕಾರ್ಡನ್ನು ಸ್ಲಾಟಿಗೆ ಒತ್ತಿ, ಪೆಟ್ಟಿಗೆ ಮುಚ್ಚಿ, ಫ್ಲ್ಯಾಶ್ ಅಳಿಸಿದ ಮೇಲೆ ನೆನಪು ಮಾಡಿಕೊಂಡೆ. ಸ್ಟಿಕ್ಕರ್ ಇದ್ದದ್ದು ಕಾರ್ಡಿನ ಹಿಂಬದಿಗೆ. ಆ ಸ್ಥಿತಿಯಲ್ಲಿ ಕಂಪ್ಯೂಟರ್ ಆಫ್ ಮಾಡುವಂತಿಲ್ಲ. ಅಳಿಸಿದ ಮೇಲೆ ಹೊಸ ಫರ್ಮ್‌ವೇರ್ ಬರೆಯದೆ ರೀಬೂಟ್ ಮಾಡಿದರೆ ಕಾರ್ಡ್ ಏಳದೇ ಹೋಗಬಹುದು. ಫರ್ಮ್‌ವೇರ್ ಬರೆದು ಮುಗಿಸಿ, ಆಫ್ ಮಾಡಿ, ಕಾರ್ಡ್ ತೆಗೆದು ಓದಿ, ಮತ್ತೆ ಹಾಕಿ ವಿಳಾಸ ಬರೆದೆ. ಅಷ್ಟೂ ಹೊತ್ತು ಕರೆಂಟ್ ಇತ್ತು, ಪುಣ್ಯ. ಈ ಕೆಲಸ ಯುಪಿಎಸ್ ಇರುವ ಕಂಪ್ಯೂಟರಿನಲ್ಲೇ ಮಾಡಿ.

ಡಾಸ್ ಪೆನ್‌ಡ್ರೈವ್‌ನಿಂದ ಫರ್ಮ್‌ವೇರ್ ಬರೆಯುವ ಸಾಧನ ಓಡಿಸಿದಾಗ ಪ್ಯಾಲ್ (PAL) ಶುರುವಾಗಲಿಲ್ಲ ಎಂಬ ದೋಷ ಬಂದರೆ ಹೆದರಬೇಡಿ. ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಇರುವ ಬೋರ್ಡುಗಳಲ್ಲಿ ಅದು ಮಾಮೂಲು. ಅದರ ಆದೇಶ ಕೊಡುವ ಪರದೆಯಾದ ಇಎಫ್‌ಐ ಶೆಲ್‌ನಿಂದ ಅದೇ ಸಾಧನದ ಇಎಫ್‌ಐ ಆವೃತ್ತಿ ಓಡಿಸಿ. ಡೆಲ್, ಐಬಿಎಂ ಹೆಸರಿನ ಕಾರ್ಡುಗಳಲ್ಲಿ ಅಳಿಸುವ ಹಂತಕ್ಕೆ ಮೆಗಾರೆಕ್ ಎಂಬ ಇನ್ನೊಂದು ಸಾಧನ ಬೇಕಾಗುತ್ತದೆ, ಅದು ಡಾಸ್‌ನಲ್ಲಿ ಓಡುತ್ತದೆ. ಹೀಗಾಗಿ ಎರಡೂ ಪೆನ್‌ಡ್ರೈವ್ ಸಿದ್ಧವಿರಲಿ.

ಮತ್ತೊಂದು ಎಚ್ಚರಿಕೆ. ಎಚ್310ರಲ್ಲಿ ಮಿನಿ ಎಂಬ ರೂಪವಿದೆ, ಮಾಮೂಲಿ ಸ್ಲಾಟಿಗೆ ಅಲ್ಲ, ಬೋರ್ಡಿನ ಮೇಲಿನ ತನ್ನದೇ ಜಾಗಕ್ಕೆ ಕೂರುವಂಥದು. ಅದಕ್ಕೆ ಮಾಮೂಲಿ ಕಾರ್ಡಿನ ವಿಧಾನ ಹಾಕಿದರೆ ಕಾರ್ಡ್ ಸಾಯುತ್ತದೆ. ಹಾಗೆಯೇ ಡೆಲ್ ಆರ್710ರಂಥ 11ನೇ ತಲೆಮಾರಿನ ಸರ್ವರುಗಳ ಸ್ಟೋರೇಜ್ ಸ್ಲಾಟ್ ಡೆಲ್ ಗುರುತಿನ ಕಾರ್ಡನ್ನು ಮಾತ್ರ ಒಪ್ಪುತ್ತದೆ. ಎಲ್‌ಎಸ್‌ಐ ಗುರುತಿಗೆ ಬದಲಾದ ಕಾರ್ಡ್ ಹಾಕಿದರೆ ಬೂಟ್ ನಿಲ್ಲಿಸಿಬಿಡುತ್ತದೆ. ಪಕ್ಕದ ಸಾಮಾನ್ಯ ಸ್ಲಾಟಿಗೆ ಹಾಕಿದರೆ ಆಯಿತು, ಕೇಬಲ್ ಉದ್ದ ಸಾಕೇ ಎಂದು ಮಾತ್ರ ಮೊದಲೇ ಅಳೆಯಿರಿ.

ಕೇಬಲ್ ವಿಷಯವನ್ನೂ ಇಲ್ಲೇ ಹೇಳುತ್ತೇನೆ. 9211ರ ಕನೆಕ್ಟರ್ ಎಸ್‌ಎಫ್‌ಎಫ್-8087, ಒಂದರಿಂದ ನಾಲ್ಕು ಡಿಸ್ಕ್. 9300ರದ್ದು 8643, ಒಂದರ ಕೇಬಲ್ ಇನ್ನೊಂದಕ್ಕೆ ಹೊಂದುವುದಿಲ್ಲ. ನೇರವಾಗಿ ಸಾಟಾ ಡಿಸ್ಕಿಗೆ ಹೋಗುವ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಬಗೆ. ನೋಡಲು ಒಂದೇ ಥರ, ಒಳಗಿನ ತಂತಿ ಬೇರೆ. ಕಾರ್ಡಿನಿಂದ ಡಿಸ್ಕಿಗೆ ಬೇಕಾದದ್ದು ಫಾರ್ವರ್ಡ್. ರಿವರ್ಸ್ ಹಾಕಿದರೆ ಒಂದು ಡಿಸ್ಕೂ ಕಾಣುವುದಿಲ್ಲ.

ಈ ಕಾರ್ಡುಗಳನ್ನು ಸರ್ವರಿನ ಜೋರು ಗಾಳಿಗಾಗಿ ಮಾಡಿದ್ದಾರೆ. ಮನೆಯ ಮಾಮೂಲಿ ಕ್ಯಾಬಿನೆಟ್ಟಿಗೆ ಹಾಕುವುದಾದರೆ ಹೀಟ್ ಸಿಂಕ್ ಮೇಲೆ ಒಂದು ಸಣ್ಣ ಫ್ಯಾನ್ ಕಟ್ಟಿ. ಇಲ್ಲದಿದ್ದರೆ ಏಪ್ರಿಲ್ ತಿಂಗಳಲ್ಲಿ ಡಿಸ್ಕುಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ನೀವು ಡಿಸ್ಕನ್ನು ಅನುಮಾನಿಸುತ್ತೀರಿ. ಕೆಲವು ಡೆಸ್ಕ್‌ಟಾಪ್ ಬೋರ್ಡುಗಳು ಈ ಕಾರ್ಡ್ ಹಾಕಿದರೆ ಬೂಟೇ ಆಗುವುದಿಲ್ಲ. ಕಾರ್ಡಿನ ಬಿ5, ಬಿ6 ಪಿನ್ನುಗಳ ಮೇಲೆ ಸಣ್ಣ ಟೇಪ್ ಅಂಟಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಬೋರ್ಡಿಗೂ ಕಾರ್ಡಿಗೂ ಸಣ್ಣ ಸಂದೇಶ ಸಾಗಿಸುವ ಎಸ್‌ಎಂಬಸ್ ಪಿನ್ನುಗಳವು, ಡಿಸ್ಕಿನ ಕೆಲಸಕ್ಕೆ ಬೇಕಾಗಿಲ್ಲ.

ಬಯಾಸ್ ಒಳಗೆ

ಪಿಸಿಐಗೂ ಹಿಂದಿನ ಐಎಸ್‌ಎ ಕಾರ್ಡುಗಳ ಕಾಲದಲ್ಲಿ ಜಂಪರ್ ಕಿತ್ತು ಹಾಕಿ ಪ್ರತಿ ಕಾರ್ಡಿಗೂ ಐಆರ್‌ಕ್ಯೂ (ಪ್ರೊಸೆಸರನ್ನು ಕರೆಯುವ ನಂಬರ್) ಕೊಡಬೇಕಿತ್ತು. ಇದ್ದದ್ದೇ 16, ಅದರಲ್ಲಿ ಖಾಲಿ ಸಿಗುತ್ತಿದ್ದದ್ದು ನಾಲ್ಕೈದು. ಎರಡು ಕಾರ್ಡುಗಳಿಗೆ ಒಂದೇ ನಂಬರ್ ಬಿದ್ದರೆ ಕಿತ್ತಾಟ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಆ ಕಷ್ಟ ಹೋಯಿತು, ಆದರೆ ಜಾಗದ ಜಗಳ ಇನ್ನೂ ಉಳಿದಿದೆ. ಬೂಟ್ ಆಗುವಾಗ ಪ್ರತಿ ಕಾರ್ಡೂ ತನ್ನ ಆಪ್ಷನ್ ರಾಮ್ (ROM) ಎಂಬ ಸಣ್ಣ ಪ್ರೋಗ್ರಾಂ ಒಂದನ್ನು ಮೆಮೊರಿಗೆ ಇಳಿಸುತ್ತದೆ. ಹಳೆಯ ಬಯಾಸ್‌ನಲ್ಲಿ ಎಲ್ಲಕ್ಕೂ ಸೇರಿ ಇರುವ ಜಾಗ ಸುಮಾರು 128 ಕೆಬಿ. ವಿಡಿಯೊ ಅದರಲ್ಲೊಂದು ಪಾಲು ತಿನ್ನುತ್ತದೆ. ಒಂದು ಡಿಸ್ಕ್ ಕಾರ್ಡ್, ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್, ಬೋರ್ಡಿನ ಮೇಲಿನ ರೇಡ್ ಎಲ್ಲ ಸೇರಿದರೆ ಜಾಗ ಸಾಲದು ಎಂಬ ಸಂದೇಶ ಬರುತ್ತದೆ.

ಇದಕ್ಕೆ ಮದ್ದು ಸುಲಭ. ಬೂಟ್‌ಗೆ ಬೇಡದ ಕಾರ್ಡುಗಳ ಆಪ್ಷನ್ ರಾಮ್ ಆಫ್ ಮಾಡಿ. ನೆಟ್‌ವರ್ಕಿನಿಂದ ಬೂಟ್ ಮಾಡುವುದಿಲ್ಲವಾದರೆ ಅದಕ್ಕಿರುವ ಪಿಎಕ್ಸ್‌ಇ ಆಫ್ ಮಾಡಿ. ಎಚ್‌ಬಿಎಗೆ ಜೋಡಿಸಿದ ಡಿಸ್ಕುಗಳಿಂದ ಬೂಟ್ ಮಾಡುವುದಿಲ್ಲವಾದರೆ ಫರ್ಮ್‌ವೇರ್ ಬರೆಯುವಾಗ ಅದರ ಬೂಟ್ ರಾಮ್ ಅನ್ನೇ ಹಾಕಬೇಡಿ. ಬೂಟ್ ಆಗುವ ಸಮಯವೂ ಉಳಿಯುತ್ತದೆ.

ಫ್ಯಾನ್ ಸದ್ದು ಸಣ್ಣ ವಿಷಯವೆನಿಸಬಹುದು, ಸ್ಟುಡಿಯೊದಂಥ ಜಾಗದಲ್ಲಿ ಹಾಗಲ್ಲ. ಡೆಲ್‌ನ 12, 13ನೇ ತಲೆಮಾರಿನ ಸರ್ವರುಗಳು ಗೊತ್ತಿಲ್ಲದ ಕಾರ್ಡ್ ಕಂಡರೆ ಅದರ ಬಿಸಿ ಎಷ್ಟೆಂದು ತಿಳಿಯದೆ ಫ್ಯಾನ್ ಏರಿಸುತ್ತವೆ. 13ರಲ್ಲಿ ರ‍್ಯಾಕ್‌ಎಡಿಎಂ ಆದೇಶದಿಂದ, 12ರಲ್ಲಿ ಐಪಿಎಂಐ ಆದೇಶದಿಂದ (ಎರಡೂ ಸರ್ವರನ್ನು ನಿರ್ವಹಿಸುವ ಸಾಧನಗಳು) ಇದನ್ನು ಆಫ್ ಮಾಡಬಹುದು. ಆಫ್ ಮಾಡಿದ ಮೇಲೆ ಕಾರ್ಡಿನ ಹೀಟ್ ಸಿಂಕ್ ಹೇಗಿದೆ ಎಂದು ಮೊದಲ ದಿನ ಎರಡು ಸಲ ನೋಡಿ.

ನೆಟ್‌ವರ್ಕ್ ಕಾರ್ಡ್

ಇದರಲ್ಲಿ ಗೊಂದಲ ಕಡಿಮೆ. ಗಿಗಾಬಿಟ್ ಸಾಕಾದರೆ ಇಂಟೆಲ್ ಐ350 ಕೊಂಡು ನಿಶ್ಚಿಂತೆಯಾಗಿರಿ.

10 ಗಿಗಾಬಿಟ್ ಬೇಕಾದರೆ ಮೂರು ದಾರಿ. ಇಂಟೆಲ್ ಎಕ್ಸ್520, ಮೆಲನಾಕ್ಸ್ ಕನೆಕ್ಟ್‌ಎಕ್ಸ್-3, ಇವೆರಡೂ ಎಸ್‌ಎಫ್‌ಪಿ ಪ್ಲಸ್, ಅಂದರೆ ಆಪ್ಟಿಕ್ ಮಾಡ್ಯೂಲ್ ಅಥವಾ ಡ್ಯಾಕ್ ಕೇಬಲ್ ಚುಚ್ಚುವ ಪೋರ್ಟಿನವು. ಮೂರನೆಯದು ಮಾಮೂಲಿ ಲ್ಯಾನ್ ಕೇಬಲ್ ಹಿಡಿಯುವ ಇಂಟೆಲ್ ಎಕ್ಸ್540. ಗೋಡೆಯೊಳಗೆ ಆಗಲೇ ಒಳ್ಳೆಯ ಕೇಬಲ್ ಇದ್ದರೆ ಎಕ್ಸ್540 ಆಸೆ ಹುಟ್ಟಿಸುತ್ತದೆ. ಅದು ಬಿಸಿ ಜಾಸ್ತಿ, ಜೊತೆಗೆ 10 ಇಲ್ಲದಿದ್ದರೆ 1ಕ್ಕೆ ಇಳಿಯುತ್ತದೆ. ನಡುವಿನ 2.5, 5 ಗಿಗಾಬಿಟ್ ಅದಕ್ಕೆ ಬರುವುದಿಲ್ಲ. ಈಗಿನ 2.5 ಸ್ವಿಚ್ ಇರುವವರು ಎಕ್ಸ್550 ನೋಡಬೇಕು. ಸರ್ವರ್, ಎಡಿಟಿಂಗ್ ಕಂಪ್ಯೂಟರ್ ಒಂದೇ ಕೋಣೆಯಲ್ಲಿದ್ದರೆ ಎರಡು ಎಸ್‌ಎಫ್‌ಪಿ ಪ್ಲಸ್ ಕಾರ್ಡ್, ನಡುವೆ ಒಂದು ಡ್ಯಾಕ್ ಕೇಬಲ್ (ಎರಡೂ ತುದಿಗೆ ಪ್ಲಗ್ ಇರುವ ತಾಮ್ರದ ಕೇಬಲ್). ಸ್ವಿಚ್ಚೂ ಬೇಡ.

ಎಕ್ಸ್520 ಇಂಟೆಲ್ ಗುರುತಿಲ್ಲದ ಆಪ್ಟಿಕ್ ಮಾಡ್ಯೂಲ್ ಹಾಕಿದರೆ ಮುನಿಸಿಕೊಳ್ಳುತ್ತದೆ. ಲಿನಕ್ಸ್‌ನ ಐಎಕ್ಸ್‌ಜಿಬಿಇ ಡ್ರೈವರಿಗೆ ಅದನ್ನು ಒಪ್ಪಿಕೊಳ್ಳಲು ಹೇಳುವ ಆಯ್ಕೆ ಇದೆ. ಕನೆಕ್ಟ್‌ಎಕ್ಸ್-3ರಲ್ಲಿ ಕೆಲವು ಇನ್ಫಿನಿಬ್ಯಾಂಡ್ ಎಂಬ ಬೇರೆ ಬಗೆಯ ನೆಟ್‌ವರ್ಕಿನ ಮೋಡಿನಲ್ಲಿ ಬಂದಿರುತ್ತವೆ, ಪೋರ್ಟನ್ನು ಈಥರ್ನೆಟ್‌ಗೆ ತಿರುಗಿಸಬೇಕು. ಇಷ್ಟು ಗೊತ್ತಿದ್ದರೆ ಎರಡೂ ಒಳ್ಳೆಯವೇ. ನಾನಾದರೆ ಕೈಗೆ ಅಗ್ಗವಾಗಿ ಸಿಕ್ಕಿದ್ದನ್ನು ಕೊಳ್ಳುತ್ತೇನೆ.

ಡ್ರೈವರ್ ಇನ್ನೂ ಇದೆಯೇ?

ಕಾರ್ಡ್ ಗಟ್ಟಿಯಾಗಿದ್ದರೂ ಆಪರೇಟಿಂಗ್ ಸಿಸ್ಟಂ ಕೈಬಿಟ್ಟಿರಬಹುದು. 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಎಸ್‌ಎಎಸ್2008 ಮತ್ತು ಪಿ410ರಂಥ ಕಾರ್ಡುಗಳನ್ನು ಡ್ರೈವರಿನ ಪಟ್ಟಿಯಿಂದ ತೆಗೆಯಿತು. ಡ್ರೈವರ್ ಇದೆ, ಆ ಕಾರ್ಡಿನ ಗುರುತು ಮಾತ್ರ ಇಲ್ಲ. ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣದೆ ಗಾಬರಿಯಾಗುತ್ತದೆ. ಇಎಲ್‌ರೆಪೊ ಎಂಬ ಸಮುದಾಯದ ಭಂಡಾರದಲ್ಲಿ ಬಿಟ್ಟುಹೋದ ಡ್ರೈವರುಗಳು ಸಿಗುತ್ತವೆ. ರೆಡ್ ಹ್ಯಾಟ್‌ಗೆ ಹೊಂದುವ ಲಿನಕ್ಸ್ ಆದ 2024ರ ಅಲ್ಮಾಲಿನಕ್ಸ್ 9.4 ಇಂಥ ಹಲವು ಹಳೆಯ ಕಾರ್ಡುಗಳನ್ನು ವಾಪಸ್ ಸೇರಿಸಿಕೊಂಡಿದೆ. ಡೆಬಿಯನ್, ಉಬುಂಟು, ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಸ್‌ಎಎಸ್2008ಗೆ ಏನೂ ಮಾಡಬೇಕಿಲ್ಲ. ವಿಎಂವೇರ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರ ಸರ್ವರ್ ಸಿಸ್ಟಂ ಆದ 2020ರ ಇಎಸ್‌ಎಕ್ಸ್‌ಐ 7.0 ಹಳೆಯ ಮಾದರಿಯ ಡ್ರೈವರುಗಳನ್ನೆಲ್ಲ ಒಟ್ಟಿಗೇ ಬಿಟ್ಟಿತು. ಅಲ್ಲಿ ಕಾರ್ಡ್ ಕೊಳ್ಳುವ ಮೊದಲು ಅವರ ಹೊಂದಾಣಿಕೆ ಪಟ್ಟಿ ನೋಡಲೇಬೇಕು.

ನಮ್ಮ ಸ್ಟುಡಿಯೊ ಸರ್ವರಿನಲ್ಲಿ ಕೊನೆಗೆ ಉಳಿದದ್ದು ಇಷ್ಟು. ಐಟಿ ಮೋಡಿನ ಒಂದು ಎಸ್‌ಎಎಸ್2008 ಕಾರ್ಡ್, ಅದಕ್ಕೆ 4 ಟಿಬಿಯ ಎಂಟು ಡಿಸ್ಕ್. ಎರಡು ಡಿಸ್ಕ್ ಸತ್ತರೂ ಡೇಟಾ ಉಳಿಯುವ, ಝೆಡ್‌ಎಫ್‌ಎಸ್‌ನ ರೇಡ್‌ಝಡ್2. ಬೂಟ್ ಎಸ್‌ಎಸ್‌ಡಿ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ. ಒಂದು ಎಕ್ಸ್520, ಅದರಿಂದ ಎಡಿಟಿಂಗ್ ಕಂಪ್ಯೂಟರಿಗೆ ಮೂರು ಮೀಟರ್ ಡ್ಯಾಕ್ ಕೇಬಲ್. ಆಪರೇಟಿಂಗ್ ಸಿಸ್ಟಂ ಡೆಬಿಯನ್. ಎಂಟೂ ಟ್ರೇಗಳ ಮುಂದೆ ಡಿಸ್ಕಿನ ಸೀರಿಯಲ್ ನಂಬರ್ ಬರೆದ ಚೀಟಿ ಅಂಟಿಸಿದ್ದೇವೆ. ಎಚ್‌ಬಿಎ ಇರುವಾಗ ಕೆಟ್ಟ ಡಿಸ್ಕನ್ನು ಝೆಡ್‌ಎಫ್‌ಎಸ್ ಹೆಸರು ಹಿಡಿದು ಹೇಳುತ್ತದೆ, ಅದು ಯಾವ ಟ್ರೇಯಲ್ಲಿದೆ ಎಂದು ನೀವೇ ತಿಳಿದಿರಬೇಕು. ಮೊನ್ನೆ ಐದನೇ ಟ್ರೇಯ ಡಿಸ್ಕ್ ಹೋಯಿತು. ಗೆಳೆಯ ನನಗೆ ಫೋನ್ ಕೂಡ ಮಾಡಲಿಲ್ಲ. ಚೀಟಿ ನೋಡಿ ಎಳೆದು, ಹೊಸದು ಹಾಕಿ, ರೀಪ್ಲೇಸ್ ಆದೇಶ ಕೊಟ್ಟು, ಆಮೇಲೆ ಫೋಟೊ ಕಳಿಸಿದ.